ಹಬ್ಬದ ರಜೆಯ ಕುಡಿತ: ‘ಮಲಗಿದರೆ ಸರಿಯಾಗ್ತದೆ’ ಎಂಬ ತಪ್ಪು

ನಾನು ಕಾಸರಗೋಡಿನ ವಿದ್ಯಾರ್ಥಿ. ಕೇರಳದಲ್ಲಿ 23 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. ಆದರೂ ಓಣಂ ರಜೆ ಬಂತೆಂದರೆ ಹಾಸ್ಟೆಲಿನಲ್ಲಿ ಕುಡಿಯುವ ಪಂಥ ಶುರು. ಯಾರಿಗಾದರೂ ಹೆಚ್ಚಾದರೆ, ವಾರ್ಡನ್‌ಗೆ ಗೊತ್ತಾದೀತೆಂದು ಕೋಣೆಯಲ್ಲಿ ಮಲಗಿಸಿ ಬಾಗಿಲು ಹಾಕ್ತೇವೆ. ನಾನೂ ಒಮ್ಮೆ ಗೆಳೆಯನನ್ನು ಹಾಗೆ ಬಿಟ್ಟು ಹೋಗಿದ್ದೆ. ಅವನು ಬದುಕಿದ್ದು ಅದೃಷ್ಟ, ಅಷ್ಟೆ.

ಯಾಕೆಂದರೆ, ಕುಡಿಯುವುದು ನಿಲ್ಲಿಸಿದ ಮೇಲೂ ಹೊಟ್ಟೆಯಲ್ಲಿ ಉಳಿದ ಮದ್ಯ ರಕ್ತಕ್ಕೆ ಸೇರುತ್ತಲೇ ಇರ್ತದೆ. ಲಿವರ್ ಅದನ್ನು ನಿಧಾನವಾಗಿಯೇ ಕರಗಿಸುತ್ತದೆ. ಮಜ್ಜಿಗೆ, ಕಾಫಿ, ತಣ್ಣೀರ ಸ್ನಾನ ಯಾವುದರಿಂದಲೂ ಆ ವೇಗ ಹೆಚ್ಚಾಗುವುದಿಲ್ಲ. ಪ್ರಜ್ಞೆ ತಪ್ಪಿ ಅಂಗಾತ ಮಲಗಿದವನಿಗೆ ವಾಂತಿಯಾದರೆ ಉಸಿರು ಕಟ್ಟಬಹುದು.

ಕರೆದರೆ ಏಳದಿದ್ದರೆ, ಉಸಿರು ನಿಧಾನವಾದರೆ, ಮೈ ತಣ್ಣಗಾದರೆ ಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ, ಹತ್ತಿರವೇ ಕೂತಿರಿ. ವಾರ್ಡನ್ನರ ಬೈಗುಳ ಒಂದು ದಿನದ್ದು.