ಸಭೆಗೆ ಮುಖಗೊಡುವುದು

ಆಂಗ್ಲರಲ್ಲಿ ‘ಫೇಸ್ ದಿ ಮ್ಯೂಸಿಕ್’ ಎಂಬ ನುಡಿಗಟ್ಟೊಂದುಂಟು. ತಾನು ಮಾಡಿದುದಕ್ಕಾಗಿ ಬರುವ ನಿಂದೆಯನ್ನು ಓಡಿಹೋಗದೆ ನಿಂತು ಕೇಳುವುದೆಂದು ಅದರ ಅರ್ಥ. ಇದನ್ನು ‘ಸಂಗೀತವನ್ನು ಎದುರಿಸು’ ಎಂದು ಕನ್ನಡಿಸುವವರನ್ನು ನಾವು ಕಂಡಿದ್ದೇವೆ. ಸಂಗೀತವೆಂದರೆ ಸಂತೋಷವಲ್ಲವೆ, ಅದನ್ನು ಎದುರಿಸುವುದೇಕೆಂದು ನಿಡುಗಲ್ ಸೀಮೆಯ ರೈತನು ಕೇಳದಿರನು.

ಪಾಶ್ಚಾತ್ಯ ನಾಟಕಶಾಲೆಗಳಲ್ಲಿ ವಾದ್ಯಗಾರರು ರಂಗದ ಮುಂದಣ ತಗ್ಗಿನಲ್ಲಿ ಕುಳಿತುಕೊಳ್ಳುವರು, ಅವರಾಚೆಗೆ ಪ್ರೇಕ್ಷಕರು. ನಟನು ವಾದ್ಯಕ್ಕೆ ಮುಖಗೊಟ್ಟನೆಂದರೆ ಸಭೆಗೂ ಕೊಟ್ಟಂತೆಯೇ. ತಪ್ಪು ಮಾಡಿದ ಸಿಪಾಯಿಯನ್ನು ನಗಾರಿ ಬಾರಿಸಿ ದಂಡಿನಿಂದ ಹೊರದೂಡುತ್ತಿದ್ದುದರಿಂದ ಈ ಮಾತು ಹುಟ್ಟಿತೆನ್ನುವವರೂ ಉಂಟು. ನಮಗೆ ಮೊದಲನೆಯದೇ ಹಿಡಿಸುತ್ತದೆ. ಏಕೆಂದರೆ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಕಡೆಯ ಮೂಡಲಪಾಯದ ಆಟದಲ್ಲಿ ಭಾಗವತನೂ ಮದ್ದಳೆಯವನೂ ಪಾತ್ರಧಾರಿಯ ಬೆನ್ನಿಗಿರುವರು. ಹಿಮ್ಮೇಳವೆಂಬ ಹೆಸರೇ ಅದನ್ನು ಸಾರುತ್ತದೆ. ನಮ್ಮಲ್ಲಿ ವಾದ್ಯವು ಆಸರೆ, ಪರೀಕ್ಷೆಯಲ್ಲ.

‘ಮಾಡಿದ್ದುಣ್ಣೋ ಮಹರಾಯ’ ಎಂಬ ಗಾದೆಯೂ ಇಲ್ಲಿಗೆ ಒದಗದು. ಅದು ತಪ್ಪದ ಫಲವನ್ನು ಹೇಳುತ್ತದೆಯೇ ಹೊರತು ನಿಲ್ಲುವ ಧೈರ್ಯವನ್ನಲ್ಲ. ‘ಸಭೆಗೆ ಮುಖಗೊಟ್ಟು ನಿಲ್ಲು’ ಎಂದರೆ ಸಾಕು.

ಮಾತು ದೊರೆತರೂ ನಿಲ್ಲುವವರು ವಿರಳ. ಕೆರೆಯ ಹೂಳೆತ್ತಿಸಿದ ಲೆಕ್ಕವನ್ನು ಕೇಳಿದೊಡನೆ ಹೊಗಳುಭಟರ ಹಿಮ್ಮೇಳದ ಕಡೆಗೆ ತಿರುಗಿಕೊಳ್ಳುವ ಊರಮುಖಂಡರು ಯಾವ ತಾಲ್ಲೂಕಿನಲ್ಲಿಲ್ಲ?

೧೯೨೨ನೆಯ ಇಸವಿ ಮಾರ್ಚಿ ೧೮ರಂದು ಅಹಮದಾಬಾದಿನಲ್ಲಿ ಮಹಾತ್ಮರ ವಿಚಾರಣೆ ನಡೆಯಿತು. ಅವರ ಬೆನ್ನಿಗೆ ದೇಶವೇ ಹಿಮ್ಮೇಳವಾಗಿತ್ತು. ಆದರೂ ಅವರು ಆ ಕಡೆಗೆ ತಿರುಗಲಿಲ್ಲ. ತಪ್ಪನ್ನೊಪ್ಪಿಕೊಂಡು, ಚೌರಿಚೌರಾದ ಹೊಣೆಯಿಂದ ತಾವು ದೂರ ನಿಲ್ಲಲಾರೆವೆಂದು ಹೇಳಿ, ಅತ್ಯುಗ್ರ ಶಿಕ್ಷೆಯನ್ನೇ ಬೇಡಿದರು. ನ್ಯಾಯಾಧೀಶರು ಆರು ವರ್ಷದ ಸೆರೆಯನ್ನು ವಿಧಿಸಿದರು.