ಅರ್ಧ ಇಂಚಿನ ಚರ್ಮದ ಮೇಲೆ ನಿಂತ ಆಟ

ಪೂಲ್ ಆಟದ ರುಚಿ ಹತ್ತಿದ ಹುಡುಗರು ಮೊದಲು ವಿಚಾರಿಸುವುದು ಕ್ಯೂ ಎಂಬ ಕೋಲಿನ ಬೆಲೆಯನ್ನು. ಕಂಬದೂರು, ಕಲ್ಯಾಣದುರ್ಗ, ಪಾವಗಡದ ಕಡೆಯಿಂದ ಓದಿಗೋ ಕೆಲಸಕ್ಕೋ ಬೆಂಗಳೂರು ಸೇರಿ, ಅಲ್ಲಿನ ಪಾರ್ಲರ್‌ಗಳಲ್ಲಿ ಆಟ ಕಲಿತವರಿಗೂ ಈ ಆಸೆ ತಪ್ಪಿದ್ದಲ್ಲ. ಆದರೆ ಕ್ಯೂ ಐದು ಸಾವಿರದ್ದಾಗಲಿ ಐವತ್ತು ಸಾವಿರದ್ದಾಗಲಿ, ಚೆಂಡನ್ನು ಮುಟ್ಟುವುದು ಅದರ ತುದಿಗೆ ಅಂಟಿಸಿದ ಚರ್ಮದ ಬಿಲ್ಲೆ ಮಾತ್ರ. ಅದೇ ಟಿಪ್. ಪೂಲ್ ಕ್ಯೂನಲ್ಲಿ ಅದರ ಅಗಲ ಸುಮಾರು 13 ಮಿ.ಮೀ., ಅಂದರೆ ಅರ್ಧ ಇಂಚು. ಅದು ಚೆಂಡಿಗೆ ತಾಗಿರುವ ಹೊತ್ತು ಸೆಕೆಂಡಿನ ಸಾವಿರದಲ್ಲಿ ಒಂದೆರಡು ಪಾಲು. ಚೆಂಡು ಎತ್ತ ಹೋಗಬೇಕು, ಹೇಗೆ ಸುತ್ತಬೇಕು ಎಂಬುದೆಲ್ಲ ಅಷ್ಟರೊಳಗೆ ತೀರ್ಮಾನವಾಗಿಬಿಡುತ್ತದೆ. ಆದ್ದರಿಂದ ಕೈಯಲ್ಲಿ ಹಣ ಕಡಿಮೆಯಿದ್ದರೆ ಅದನ್ನು ಮೊದಲು ಟಿಪ್‌ಗೆ ಹಾಕಿ ಎಂದೇ ನಾನು ಹೇಳುತ್ತೇನೆ.

ಪಾರ್ಲರ್‌ನ ಸ್ಟ್ಯಾಂಡಿನಿಂದ ಕ್ಯೂ ಆರಿಸುವಾಗ ಅದನ್ನು ಮೇಜಿನ ಮೇಲೆ ಉರುಳಿಸಿ ನೋಡುವುದು ಎಲ್ಲರಿಗೂ ಗೊತ್ತು. ಕುಣಿಯುತ್ತಾ ಉರುಳಿದರೆ ಮರ ಬಾಗಿದೆ. ಅಷ್ಟಕ್ಕೇ ನಿಲ್ಲಬೇಡಿ, ತುದಿಯನ್ನು ಬೆಳಕಿಗೆ ಹಿಡಿಯಿರಿ. ಟಿಪ್ ಚಪ್ಪಟೆಯಾಗಿದ್ದರೆ ಅದರ ಅಂಚು ಚೆಂಡಿಗೆ ತಾಗಿ ಜಾರುತ್ತದೆ. ಗಾಜಿನ ಹಾಗೆ ಮಿಂಚುತ್ತಿದ್ದರೆ ಚಾಕ್ ನಿಲ್ಲುವುದಿಲ್ಲ. ಸಣ್ಣ ಉಪ್ಪು ಕಾಗದದಿಂದ ಹಗುರವಾಗಿ ಉಜ್ಜಿ, ಗುಮ್ಮಟದ ಆಕಾರ ಕೊಡಬೇಕು. ಅದರ ಬಾಗು ಎಷ್ಟಿರಬೇಕೆಂದು ನೋಡಲು ಒಂದು ರೂಪಾಯಿ ನಾಣ್ಯವನ್ನು ಪಕ್ಕದಲ್ಲಿ ನಿಲ್ಲಿಸಿ. ನಾಣ್ಯದ ಅಂಚಿಗೂ ಟಿಪ್‌ಗೂ ಹೆಚ್ಚುಕಡಿಮೆ ಹೊಂದಿಕೆಯಾದರೆ ಸಾಕು.

ಚಾಕ್ ಎಂದು ಕರೆದರೂ ಆ ನೀಲಿ ಕಟ್ಟಿ ಶಾಲೆಯ ಬಳಪವಲ್ಲ. 1897ರಲ್ಲಿ ಅಮೆರಿಕದಲ್ಲಿ ವಿಲಿಯಂ ಸ್ಪಿಂಕ್ಸ್ ಎಂಬ ಆಟಗಾರನೂ ವಿಲಿಯಂ ಹಾಸ್ಕಿನ್ಸ್ ಎಂಬ ರಸಾಯನಶಾಸ್ತ್ರಜ್ಞನೂ ಸೇರಿ ಇದಕ್ಕೆ ಪೇಟೆಂಟ್ ಪಡೆದರು. ಅಂದಿನಿಂದ ಇದರ ಜೀವಾಳ ಸಿಲಿಕಾ, ಅಲ್ಯೂಮಿನಿಯಂ ಆಕ್ಸೈಡ್‌ನಂಥ ಗಡಸು ಪುಡಿಗಳು. ಈ ಕಣಗಳೇ ನುಣುಪಾದ ಚೆಂಡಿನ ಮೇಲೆ ಚರ್ಮ ಜಾರದಂತೆ ಕಚ್ಚಿ ಹಿಡಿಯುತ್ತವೆ. ಪ್ರತಿ ಹೊಡೆತಕ್ಕೂ ಮುಂಚೆ, ಹಣೆಗೆ ವಿಭೂತಿ ಹಚ್ಚುವಷ್ಟು ಹಗುರವಾಗಿ, ಟಿಪ್‌ನ ಅಂಚಿನವರೆಗೂ ಸವರಿ. ಕಟ್ಟಿಯನ್ನು ಟಿಪ್ ಮೇಲಿಟ್ಟು ಗರಗರ ತಿರುಗಿಸಿದರೆ ನಡುವೆ ಗುಳಿ ಬೀಳುತ್ತದೆ, ಪುಡಿ ಬಟ್ಟೆಯ ಮೇಲೆ ಸುರಿಯುತ್ತದೆ. ಅದೇ ಪುಡಿ ಚೆಂಡಿಗೆ ಮೆತ್ತಿಕೊಂಡು, ಎರಡು ಚೆಂಡು ಡಿಕ್ಕಿಯಾಗುವ ಜಾಗದಲ್ಲೇ ಸಿಕ್ಕಿಬಿದ್ದರೆ ಅವು ಒಂದನ್ನೊಂದು ಅರೆಗಳಿಗೆ ಹಿಡಿದಿಟ್ಟುಕೊಳ್ಳುತ್ತವೆ. ಗುರಿ ಸರಿಯಿದ್ದೂ ಚೆಂಡು ಪಾಕೆಟ್ಟಿನ ಮೂಲೆಗೆ ಬಡಿದು ಹೊರಗುಳಿಯುತ್ತದೆ. ಇದನ್ನು ಹಣೆಬರಹ ಅಂದುಕೊಳ್ಳುವವರೇ ಹೆಚ್ಚು. ಆಟ ಶುರುಮಾಡುವ ಮೊದಲು ಚೆಂಡುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ತಿಕ್ಕಿದರೆ ಈ ಹಣೆಬರಹ ಬಹಳ ಮಟ್ಟಿಗೆ ಅಳಿಸಿಹೋಗುತ್ತದೆ.

ಕಂಬದೂರು, ಕಲ್ಯಾಣದುರ್ಗಗಳಿರುವ ಅನಂತಪುರದ ಸೀಮೆಯಲ್ಲಿ ಈ ಮಾತಿಗೆ ಇನ್ನೂ ತೂಕ ಹೆಚ್ಚು. ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಇದೂ ಒಂದು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿಯೆದ್ದರೆ ಕೆಂಪು ಧೂಳು ಮನೆಯೊಳಕ್ಕೇ ಬರುತ್ತದೆ. ಮೇಜಿನ ಉಣ್ಣೆಬಟ್ಟೆಯ ಎಳೆಗಳಲ್ಲಿ ಕೂತ ಧೂಳು ಚೆಂಡಿನ ಹೊಳಪನ್ನು ತಿನ್ನುತ್ತದೆ, ಬಟ್ಟೆಯನ್ನೂ ಸವೆಸುತ್ತದೆ. ಒಂದು ಅನುಕೂಲವೂ ಉಂಟು. ಉಣ್ಣೆ ಗಾಳಿಯ ತೇವ ಹೀರಿಕೊಂಡಷ್ಟೂ ಚೆಂಡಿನ ಓಟ ನಿಧಾನವಾಗುತ್ತದೆ. ಒಣಹವೆಯಲ್ಲಿ ಅದೇ ಬಟ್ಟೆ ಚುರುಕು. ಮಳೆಗಾಲದ ಬೆಂಗಳೂರಿನಲ್ಲಿ ಪಳಗಿದ ಕೈ ಇಲ್ಲಿನ ಬೇಸಿಗೆಯಲ್ಲಿ ಮೊದಮೊದಲು ಜೋರಾಗಿ ಹೊಡೆದು ಲೆಕ್ಕ ತಪ್ಪುವುದು ಸಹಜ. ಮೊದಲ ಹತ್ತು ನಿಮಿಷ ಪಾಕೆಟ್ಟಿನ ಯೋಚನೆ ಬಿಟ್ಟು, ಬಿಳಿ ಚೆಂಡನ್ನು ಎದುರಿನ ಕುಷನ್‌ಗೆ ಮುಟ್ಟಿಸಿ ವಾಪಸ್ ತರಿಸಿಕೊಳ್ಳುತ್ತಾ ಮೇಜಿನ ವೇಗ ತಿಳಿದುಕೊಳ್ಳಿ.

ಕ್ಯೂ ಕೂಡ ಮರವೇ. ಅದು ತೇವಕ್ಕೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಒಂದು ಮಗ್ಗುಲು ಹೆಚ್ಚು ಒಣಗಿದರೆ ಬಾಗುತ್ತದೆ. ಬಿಸಿಲಿಗೆ ಕಾದ ಗೋಡೆಗೆ ಓರೆಯಾಗಿ ಒರಗಿಸಿಡುವುದು, ಬಸ್ಸಿನಲ್ಲಿ ಡ್ರೈವರ್ ಪಕ್ಕದ ಇಂಜಿನ್ ಪೆಟ್ಟಿಗೆಯ ಮೇಲೆ ಇಡುವುದು, ಮುಚ್ಚಿದ ಕಾರಿನಲ್ಲಿ ಮಧ್ಯಾಹ್ನವಿಡೀ ಬಿಡುವುದು ಬೇಡ. ಬಾಗುವುದು ಹಾಗಿರಲಿ, ಬಿಸಿಗೆ ಟಿಪ್ ಅಂಟಿಸಿದ ಗೋಂದೂ ಸಡಿಲವಾದೀತು. ಬೆವರಿದ ಕೈಗೆ ಪೌಡರ್ ಸುರಿದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಬಹಳ. ಅದೆಲ್ಲ ಕೊನೆಗೆ ಬಟ್ಟೆಯ ಮೇಲೇ ಬೀಳುತ್ತದೆ. ಕೈ ತೊಳೆದು ಒರೆಸಿಕೊಳ್ಳುವುದೇ ಲೇಸು.

ಬಟ್ಟೆಯ ಕೆಳಗೆ ಇರುವುದು ಸ್ಲೇಟು ಕಲ್ಲು. ಪದರಪದರವಾಗಿ ಸೀಳಿ ಸಮತಟ್ಟು ಮಾಡಲು ಬರುತ್ತದೆಂದೇ ಅದನ್ನು ಆರಿಸಿದರು. 

ಇನ್ನು ಹೊಡೆತದ ಲೆಕ್ಕ. ಭೂಮಿಯ ತಿರುಗುವಿಕೆಯಿಂದ ಗಾಳಿ ಓರೆಯಾಗುವುದನ್ನು ಕೋರಿಯೋಲಿಸ್ ಪರಿಣಾಮ ಎಂದು ಶಾಲೆಯಲ್ಲಿ ಓದಿರುತ್ತೀರಿ. ಅದಕ್ಕೆ ಹೆಸರು ಕೊಟ್ಟ ಫ್ರೆಂಚ್ ವಿಜ್ಞಾನಿ ಕೋರಿಯೋಲಿಸ್‌ನೇ 1835ರಲ್ಲಿ ಬಿಲಿಯರ್ಡ್ಸ್ ಚೆಂಡುಗಳ ಗಣಿತದ ಬಗ್ಗೆ ಇಡೀ ಪುಸ್ತಕ ಬರೆದ. ಪೂಲ್ ಚೆಂಡಿನ ವ್ಯಾಸ 57 ಮಿ.ಮೀ. ಮೇಜಿನಿಂದ ಸುಮಾರು 40 ಮಿ.ಮೀ. ಎತ್ತರದಲ್ಲಿ ಹೊಡೆದರೆ ಚೆಂಡು ಜಾರದೆ ಮೊದಲ ಕ್ಷಣದಿಂದಲೇ ಉರುಳುತ್ತದೆ. ನಡುವಿಗೆ ಹೊಡೆದರೆ ಮೊದಲು ಜಾರಿ, ಬಟ್ಟೆಯ ಘರ್ಷಣೆಗೆ ಸಿಕ್ಕಿ ಆಮೇಲೆ ಉರುಳುತ್ತದೆ. ನಡುವಿನಿಂದ ಯಾವ ಕಡೆಗಾದರೂ ಸುಮಾರು 14 ಮಿ.ಮೀ. ಮೀರಿದರೆ ಎಂಥ ಚಾಕ್ ಇದ್ದರೂ ಟಿಪ್ ಜಾರುವುದು ಬಹುತೇಕ ಖಚಿತ. ಒಂದು ಬೆರಳಗಲಕ್ಕಿಂತ ತುಸು ಕಡಿಮೆ ಜಾಗ ಅದು. ಎಡಕ್ಕೋ ಬಲಕ್ಕೋ ಹೊಡೆದು ಸೈಡ್ ಕೊಟ್ಟಾಗ ಚೆಂಡು ಗುರಿಯಿಂದ ಸ್ವಲ್ಪ ಎದುರು ದಿಕ್ಕಿಗೆ ಹೊರಳುತ್ತದೆ. ದುಬಾರಿ ಕಾರ್ಬನ್ ಫೈಬರ್ ಕ್ಯೂಗಳು ತುದಿಯ ತೂಕ ಇಳಿಸಿ ಈ ಹೊರಳನ್ನು ತಗ್ಗಿಸುತ್ತವೆ, ನಿಜ. ಆದರೆ ನಡುವಿಗೆ ಹೊಡೆಯಲು ಬಾರದವನಿಗೆ ಅದರಿಂದ ಏನೂ ದಕ್ಕುವುದಿಲ್ಲ.

ಕೈ ಪಳಗಿದರೆ ಸಾಲದು, ಮನಸ್ಸೂ ಪಳಗಬೇಕು. ಈ ಮಾತು ಬಂದಾಗ ಬೆಂಗಳೂರಿನ ಪಂಕಜ್ ಅಡ್ವಾಣಿಯವರನ್ನು ನೆನೆಯದೆ ಇರಲಾಗದು. ಅರವಿಂದ್ ಸವೂರ್ ಅವರ ಗರಡಿಯಲ್ಲಿ ಪಳಗಿ, 2003ರಲ್ಲಿ 18ನೇ ವಯಸ್ಸಿಗೆ ವಿಶ್ವ ಅಮೆಚೂರ್ ಸ್ನೂಕರ್ ಗೆದ್ದವರು, 2024ರ ನವೆಂಬರಿನಲ್ಲಿ ದೋಹಾದಲ್ಲಿ 28ನೇ ವಿಶ್ವ ಕಿರೀಟ ಮುಟ್ಟಿದರು. ಅವರ ಅಣ್ಣ ಶ್ರೀ ಅಡ್ವಾಣಿ ಕ್ರೀಡಾ ಮನೋವಿಜ್ಞಾನಿ. ಮನಸ್ಸಿಗೂ ತಾಲೀಮು ಬೇಕೆಂಬುದು ಆ ಮನೆಯಲ್ಲಿ ಹೊಸ ಮಾತೇನಲ್ಲ.

ವಿಜ್ಞಾನವೂ ಇದಕ್ಕೆ ಸಾಕ್ಷಿ ಹೇಳುತ್ತದೆ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬಿಲಿಯರ್ಡ್ಸ್ ಆಟಗಾರರ ಕಣ್ಣಿನ ಚಲನೆಯನ್ನು ಅಳೆದರು. ಹೊಡೆಯುವ ಮುನ್ನ ಕೊನೆಯ ನೋಟ ಒಂದೇ ಕಡೆ ನಿಲ್ಲುವ ಅವಧಿ ಪಳಗಿದವರಲ್ಲಿ ಹೆಚ್ಚು. ಸಫಲವಾದ ಹೊಡೆತಗಳಲ್ಲೂ ಹೆಚ್ಚು. ಅಂದರೆ ನಿಧಾನಿಸುವುದು ಬರೀ ಸ್ವಭಾವವಲ್ಲ, ಮಿದುಳಿಗೆ ಲೆಕ್ಕ ಮುಗಿಸಲು ಕೊಡುವ ಹೊತ್ತು. ಯಾವ ಚೆಂಡು, ಯಾವ ಪಾಕೆಟ್, ಬಿಳಿ ಚೆಂಡು ಎಲ್ಲಿ ನಿಲ್ಲಬೇಕು ಎಂಬ ಯೋಚನೆಯನ್ನೆಲ್ಲ ನಿಂತೇ ಮುಗಿಸಿ. ಬಗ್ಗಿದ ಮೇಲೆ ಅನುಮಾನ ಬಂದರೆ ಎದ್ದು ನಿಂತು ಮತ್ತೆ ಶುರುಮಾಡಿ. ಪಕ್ಕದವರು ನಕ್ಕರೆ ನಗಲಿ. ಬೆಟ್ಟಿಂಗ್ ಕಟ್ಟಿ ಆಡುವ ಮೇಜಿನಿಂದ ದೂರವಿರಿ. ಸೋತ ದುಡ್ಡಿನ ಚಿಂತೆ ಹೊತ್ತ ಕಣ್ಣು ಒಂದು ಕಡೆ ನಿಲ್ಲುವುದಿಲ್ಲ.

ಒಬ್ಬರೇ ಆಡುವಾಗ ಇದನ್ನು ಮಾಡಿ ನೋಡಿ. ಗುರಿ ಚೆಂಡು, ಬಿಳಿ ಚೆಂಡು, ಪಾಕೆಟ್ ಮೂರೂ ಒಂದೇ ಗೆರೆಯಲ್ಲಿರಲಿ, ಚೆಂಡುಗಳ ನಡುವೆ ಎರಡಡಿ ಅಂತರವಿರಲಿ. ಬಿಳಿ ಚೆಂಡಿನ ನಡುವಿಗಿಂತ ತುಸು ಕೆಳಗೆ ಗಟ್ಟಿಯಾಗಿ ಹೊಡೆಯಿರಿ. ಡಿಕ್ಕಿಯ ಕ್ಷಣದಲ್ಲಿ ಅದಕ್ಕೆ ಯಾವ ಸುತ್ತೂ ಇಲ್ಲದಿದ್ದರೆ ವೇಗವನ್ನೆಲ್ಲ ಗುರಿ ಚೆಂಡಿಗೆ ಕೊಟ್ಟು ನಿಂತಲ್ಲೇ ನಿಲ್ಲುತ್ತದೆ. ಮುಂದೆ ಉರುಳಿದರೆ ಹೊಡೆತ ಮೇಲಾಯಿತು, ಹಿಂದೆ ಬಂದರೆ ಕೆಳಗಾಯಿತು. ನಿಂತಲ್ಲೇ ಗಿರಗಿರ ತಿರುಗಿದರೆ ಕ್ಯೂ ನಡುಗೆರೆಯಿಂದ ಪಕ್ಕಕ್ಕೆ ಸರಿದಿದೆ. ಅಂತರ ಹೆಚ್ಚಿಸುತ್ತಾ ಹೋದಂತೆ ಇನ್ನಷ್ಟು ಕೆಳಗೆ ಹೊಡೆಯಬೇಕಾಗುತ್ತದೆ, ಏಕೆಂದರೆ ದಾರಿಯುದ್ದಕ್ಕೂ ಬಟ್ಟೆ ಚೆಂಡನ್ನು ಉರುಳಿಸಲು ನೋಡುತ್ತಿರುತ್ತದೆ. ಮೆಲ್ಲಗೆ ಬಿಟ್ಟ ಚೆಂಡು ಪ್ರತಿ ಸಲವೂ ಒಂದೇ ಮಗ್ಗುಲಿಗೆ ವಾಲುತ್ತಿದ್ದರೆ ತಪ್ಪು ಕೈಯದಲ್ಲ. ಪಾರ್ಲರ್‌ನವರನ್ನು ಕರೆದು ಮೇಜಿನ ಕಾಲಿನ ಮಟ್ಟ ಸರಿಮಾಡಿಸಿ.