ನಿದ್ರೆಯ ಉಸಿರು: ಯಂತ್ರ ಬರೆದಿಟ್ಟ ಲೆಕ್ಕವನ್ನು ಓದುವ ಬಗೆ

ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿಕೊಂಡು ಕುಳಿತಾಗಲೇ ನಮಗೆ ತೂಕಡಿಕೆ ಬರುತ್ತಿತ್ತು. ಮೊದಮೊದಲು ಅದನ್ನು ವಯೋಧರ್ಮವೆಂದು ತಳ್ಳಿಹಾಕಿದೆವು. ಯಗಟಿಯ ಭಕ್ತರಂತೂ ಪ್ರವಚನದ ನಡುವೆ ನಾವು ಕಣ್ಣು ಮುಚ್ಚಿದುದನ್ನು ಧ್ಯಾನವೆಂದೇ ಭಾವಿಸಿ ಕೈಮುಗಿಯುತ್ತಿದ್ದರು. ಅದು ಧ್ಯಾನವಲ್ಲವೆಂಬುದು ನಮಗೆ ಗೊತ್ತಿತ್ತು. ಒಂದು ಪ್ರಾತಃಕಾಲ ಅಂಗೈ ವಾಲಿ ಲಿಂಗವು ಜಾರುವಷ್ಟರಲ್ಲಿ ಧರ್ಮಪತ್ನಿಯವರು ಕೈಯೊಡ್ಡಿ ಹಿಡಿದರು. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ನಸುಕಿನಲ್ಲೆದ್ದು ಕಲಿತ ಪೂಜೆ ಅರುವತ್ತು ದಾಟಿದ ಮೇಲೆ ಕೈತಪ್ಪಿತೆಂದರೆ, ಆಗಿನ ಸಂಕಟವನ್ನು ಲಿಂಗಧಾರಿಗಳಾದ ಓದುಗರಿಗೆ ವಿವರಿಸಬೇಕಿಲ್ಲ.

ಅಂದೇ ಅವರು ಬಹುಕಾಲದಿಂದ ಹೇಳದೆ ಉಳಿಸಿಕೊಂಡಿದ್ದ ಮಾತನ್ನು ಹೇಳಿದರು: "ರಾತ್ರಿ ನಿಮ್ಮ ಗೊರಕೆ ಒಮ್ಮೆಲೇ ನಿಂತುಬಿಡುತ್ತದೆ. ಮತ್ತೆ ಉಸಿರು ಬರುವವರೆಗೂ ನಾನು ಎಣಿಸುತ್ತ ಕೂತಿರುತ್ತೇನೆ."

ಕಡೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ತಲೆಗೆ, ಎದೆಗೆ ತಂತಿಗಳನ್ನು ಅಂಟಿಸಿಕೊಂಡು ಆಸ್ಪತ್ರೆಯೊಂದರಲ್ಲಿ ಒಂದು ರಾತ್ರಿ ಮಲಗಿದೆವು. ಸ್ಲೀಪ್ ಆಪ್ನಿಯಾ ಎಂಬ ಹೆಸರನ್ನು ಕೇಳಿದ್ದು ಅಲ್ಲಿಯೇ. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಬೆಚ್ಚಿ ಅರೆಕ್ಷಣ ಎಚ್ಚರಿಸುತ್ತದೆ. ಉಸಿರು ಹತ್ತು ಸೆಕೆಂಡಾದರೂ ನಿಂತರೆ ಅಥವಾ ಅಷ್ಟು ಹೊತ್ತು ಬಹಳ ಕುಗ್ಗಿ ಆಮ್ಲಜನಕ ಇಳಿದರೆ ಒಂದು ಸಲವೆಂದು ಎಣಿಸುತ್ತಾರೆ. ಗಂಟೆಗೆ ಐದಕ್ಕಿಂತ ಕಡಿಮೆಯಾದರೆ ಸಹಜ, 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಮೀರಿದರೆ ತೀವ್ರ. ನಮ್ಮದು 38. ಈ ಅಂಕಿಗೆ ವೈದ್ಯರು ಎ.ಎಚ್.ಐ. ಎನ್ನುತ್ತಾರೆ.

ಮದ್ದು ಗುಳಿಗೆಯಲ್ಲ, ಗಾಳಿ. ಆಸ್ಟ್ರೇಲಿಯದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು 1980ರಲ್ಲಿ ಮೂಗಿನ ಮೂಲಕ ಒತ್ತಡದ ಗಾಳಿಯನ್ನು ಹಾಯಿಸಿ, ಮುಚ್ಚುವ ಗಂಟಲನ್ನು ತೆರೆದಿಡಬಹುದೆಂದು ಕಂಡುಕೊಂಡರು. ಮರುವರ್ಷ ಅದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂದು ಸಿಪ್ಯಾಪ್ ಎನ್ನುವ ಯಂತ್ರ ಅದೇ. ಪುಟ್ಟ ಪೆಟ್ಟಿಗೆ, ಕೊಳವೆ, ಮುಖಕ್ಕೊಂದು ಮಾಸ್ಕ್.

ಯಂತ್ರ ಮನೆಗೆ ಬಂದ ಮೊದಲ ವಾರವೇ ಬೆಳಗಿನ ಪರದೆಯಲ್ಲಿ 3 ಎಂಬ ಅಂಕಿ ಕಂಡಿತು. 38 ಎಲ್ಲಿ, 3 ಎಲ್ಲಿ! ಬಂದವರಿಗೆಲ್ಲ ಹೇಳಿಕೊಂಡು ಹಿಗ್ಗಿದೆವು. ಆದರೆ ಪೂಜೆಗೆ ಕುಳಿತರೆ ತೂಕಡಿಕೆ ಮೊದಲಿನಂತೆಯೇ ಇತ್ತು.

ಗುಟ್ಟನ್ನು ಬಿಡಿಸಿದವನು ರಜೆಗೆ ಬಂದ ಸೋದರಳಿಯ. ಯಂತ್ರದ ಬದಿಯಲ್ಲಿ ಉಗುರಿನಷ್ಟಗಲದ ನೆನಪಿನ ಕಾರ್ಡೊಂದಿದೆ. ಅದನ್ನು ತೆಗೆದು ತನ್ನ ಕಂಪ್ಯೂಟರಿಗೆ ಹಾಕಿ, ಆಸ್ಕರ್ ಎಂಬ ಉಚಿತ ತಂತ್ರಾಂಶದಲ್ಲಿ ಇಡೀ ರಾತ್ರಿಯ ಉಸಿರನ್ನು ಗೆರೆಗೆರೆಯಾಗಿ ತೋರಿಸಿದ. "ಮಾವಾ, ಗೆರೆ ಮೂರು ಗಂಟೆಗೇ ನಿಂತುಹೋಗಿದೆ ನೋಡಿ" ಎಂದ. ಹೌದು, ಆ ಹೊತ್ತಿಗೆ ಮಾಸ್ಕನ್ನು ನಿದ್ದೆಗಣ್ಣಿನಲ್ಲೇ ಕಳಚಿ ಬಿಸಾಡುತ್ತಿದ್ದೆವು. ಮಧ್ಯಾಹ್ನಕ್ಕೆ ಬಾಗಿಲೆಳೆದ ಅಂಗಡಿಯ ಖಾತೆಯಲ್ಲಿ ಸಂಜೆಯ ನಷ್ಟ ಕಾಣುವುದುಂಟೆ? ಮಾಸ್ಕ್ ಹಾಕಿಕೊಂಡಿದ್ದ ಗಂಟೆಗಳ ಉಸಿರನ್ನಷ್ಟೇ ಯಂತ್ರ ಎಣಿಸುತ್ತದೆ. ಕನಸಿನ ನಿದ್ರೆ ಹೆಚ್ಚಾಗಿ ಬರುವುದು ರಾತ್ರಿಯ ಉತ್ತರಾರ್ಧದಲ್ಲಿ. ಆಗ ಸ್ನಾಯುಗಳು ತೀರ ಸಡಿಲವಾಗಿ ಅನೇಕರಿಗೆ ಉಸಿರು ಅತಿ ಹೆಚ್ಚು ಕಟ್ಟುತ್ತದೆ. ಆ ಹೊತ್ತಿಗೇ ನಾವು ಮದ್ದನ್ನು ಬಿಡುತ್ತಿದ್ದೆವು.

ಆದುದರಿಂದ ಈ ಯಂತ್ರವಿರುವ ಮನೆಯವರು ಎ.ಎಚ್.ಐ. ನೋಡುವ ಮೊದಲು ಎಷ್ಟು ಗಂಟೆ ಬಳಸಿದರೆಂಬುದನ್ನು ನೋಡಬೇಕು. ಅನಂತರ ನೋಡಬೇಕಾದುದು ಸೋರಿಕೆ. ರೆಸ್ಮೆಡ್ ಯಂತ್ರಗಳಲ್ಲಿ ಅದು ನಿಮಿಷಕ್ಕೆ 24 ಲೀಟರು ಮೀರಿದರೆ ಹೆಚ್ಚೆಂದು ಲೆಕ್ಕ. ಗಾಳಿ ಬಹಳ ಸೋರಿದರೆ ಗಂಟಲಿಗೆ ಒತ್ತಡ ಸಾಲದು. ಯಂತ್ರದ ಎಣಿಕೆಯೂ ನೆಚ್ಚಿಕೆಗೆ ಅರ್ಹವಲ್ಲ. ನಮ್ಮ ಗೆರೆಗಳಲ್ಲಿ ಸೋರಿಕೆ ಏರಿದೊಡನೆ ನಾವು ಮಾಸ್ಕ್ ಕೀಳುತ್ತಿದ್ದುದು ಸ್ಪಷ್ಟವಾಗಿತ್ತು. ಕಣ್ಣಿಗೆ ಬಡಿಯುವ ಗಾಳಿಯನ್ನು ಯಾರು ತಾಳಿಯಾರು!

ಸೋರಿಕೆಗೆ ಕಾರಣ ನಮ್ಮ ಗಡ್ಡ. ಮೂವತ್ತು ವರ್ಷ ಬೆಳೆಸಿದ್ದು. ತೆಗೆಯಲು ಮನಸ್ಸೊಪ್ಪಲಿಲ್ಲ. ಹೊಳ್ಳೆಗಳ ಅಂಚಿಗೆ ಮಾತ್ರ ಕೂರುವ ಪುಟ್ಟ ಮೆತ್ತೆಯ ಮಾಸ್ಕ್ ಉಂಟೆಂದು ವೈದ್ಯರು ಹೇಳಿದರು. ಗಡ್ಡವೂ ಉಳಿಯಿತು, ಗಾಳಿಯೂ ನಿಂತಿತು. ಮೊದಲಿನ ಮಾಸ್ಕ್ ಬಳಸುವವರು ಮಲಗುವ ಮುನ್ನ ಮುಖದ ಎಣ್ಣೆಯಂಶವನ್ನು ತೊಳೆದುಕೊಂಡರೂ ಬಹಳ ಪ್ರಯೋಜನವುಂಟು. ಬೆಳಿಗ್ಗೆ ಬಾಯಿ ಒಣಗಿ ಅಂಟಿದ್ದರೆ ಬಾಯಿಯಿಂದ ಗಾಳಿ ಹೋಗುತ್ತಿರಬಹುದು, ವೈದ್ಯರಿಗೆ ತಿಳಿಸಬೇಕು. ತೇವಗೊಳಿಸುವ ಪಾತ್ರೆಗೆ ನಮ್ಮ ಕೊಳವೆಬಾವಿಯ ಗಡಸು ನೀರು ಹಾಕಿ ಬಿಳಿಯ ಕರೆ ಕಟ್ಟಿಸಿದ್ದೂ ಆಯಿತು. ಡಿಸ್ಟಿಲ್ಡ್ ನೀರೇ ಸರಿ, ದಿನವೂ ಬದಲಿಸಬೇಕು. ಕರೆಂಟು ಹೋಗಿ ಇನ್ವರ್ಟರಿನ ಮೇಲೆ ನಡೆಯುವಾಗ ಪಾತ್ರೆಯ ಕಾವನ್ನು ಆರಿಸಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ ವಾರವಾದರೂ ನೋಡಬೇಕು. ಒಂದು ರಾತ್ರಿಯ ಅಂಕಿಯಿಂದ ಏನೂ ತಿಳಿಯದು. ಒತ್ತಡವನ್ನು ಮಾತ್ರ ನಾವಾಗಿ ತಿರುಗಿಸಕೂಡದು. ಗಂಟಲು ತೆರೆದಿದ್ದೂ ಮಿದುಳು ಅಪ್ಪಣೆ ಕೊಡದೆ ಉಸಿರು ನಿಲ್ಲುವ ಇನ್ನೊಂದು ಬಗೆಯಿದೆ. ಯಂತ್ರ ಅದನ್ನು ಬೇರೆಯಾಗಿ ಗುರುತಿಸಲು ಯತ್ನಿಸುತ್ತದೆ. ಒತ್ತಡ ಹೆಚ್ಚಿಸಿದರೆ ಕೆಲವರಲ್ಲಿ ಅದು ಹೆಚ್ಚುವುದುಂಟು. ಅಂಥವು ಪದೇ ಪದೇ ಕಂಡರೆ ಕಾರ್ಡನ್ನೇ ವೈದ್ಯರ ಬಳಿಗೆ ಒಯ್ಯಬೇಕು.

ಹೊಸ ಮಾಸ್ಕಿನಲ್ಲಿ ಬೆಳಗಿನವರೆಗೂ ಮಲಗಿದ ವಾರ ನಮ್ಮ ಅಂಕಿ 7ಕ್ಕೇರಿತು. ಸೋದರಳಿಯ ನಕ್ಕ, ನಾವು ಗಾಬರಿಯಾದೆವು. "ಮೊದಲಿನ 3 ಸುಳ್ಳು, ಇದು ನಿಜ, ಈಗ ಚಿಕಿತ್ಸೆ ಮಾಡಬಹುದು" ಎಂದರು ವೈದ್ಯರು. ಒತ್ತಡವನ್ನು ತುಸು ಸರಿಪಡಿಸಿದ ಮೇಲೆ ಎರಡು ತಿಂಗಳಿಂದ 2ರ ಆಸುಪಾಸಿನಲ್ಲಿದೆ, ರಾತ್ರಿಗೆ ಆರೂವರೆ ಗಂಟೆ. ಪೂಜೆಯಲ್ಲಿ ಅಂಗೈ ವಾಲಿಲ್ಲ. ಧರ್ಮಪತ್ನಿಯವರು ಎಣಿಸುವುದನ್ನು ಬಿಟ್ಟಿದ್ದಾರೆ. ಈಗ ನಸುಕಿನಲ್ಲಿ ಅವರನ್ನು ನಾವೇ ಎಬ್ಬಿಸಬೇಕಾಗಿದೆ.